‘ಕೂಸು ದೊಡ್ಡದಾಗಲಿ, ಆಮ್ಯಾಲೆ ಮಾಡಿಸೋಣ’ ಅನ್ನುವವರಿಗೆ

ಪ್ರಶ್ನೆ: ಏಳು ತಿಂಗಳ ಮಗಳಿಗೆ ಮೆದುಳಿನಲ್ಲಿ ಗಡ್ಡೆ ಐತಿ ಅಂತ ಬೆಳಗಾವಿಯಲ್ಲಿ ಹೇಳ್ಯಾರ. ‘ಮೂರು ವರ್ಷ ತುಂಬಲಿ, ಆಮ್ಯಾಲೆ ಆಪರೇಷನ್’ ಅಂತಾರ ಮನೆಯ ಹಿರಿಯರು. ಕಾಯಬಹುದಾ?
– ಒಬ್ಬ ತಾಯಿ, ಜಮಖಂಡಿ ತಾಲ್ಲೂಕು

ಉತ್ತರ: ಹಿರಿಯರ ಮಾತಿಗೆ ಕಾಯಬೇಡಿ. ಕಣ್ಣಿನ ನರದ ಕೆಲವು ಗಡ್ಡೆಗಳನ್ನು ಕಾದು ನೋಡುವುದುಂಟು. ಅದನ್ನು ಹೇಳಬೇಕಾದವರು ನರಶಸ್ತ್ರಚಿಕಿತ್ಸಕರು, ಸೋದರಮಾವ ಅಲ್ಲ. ಎಳೆಗೂಸಿನ ಬುರುಡೆಯ ಕೀಲುಗಳು ಬೆಸೆದಿರುವುದಿಲ್ಲ. ಒಳಗೆ ಒತ್ತಡ ಏರಿದರೆ ತಲೆ ಹಿಗ್ಗಿ ಗಡ್ಡೆಗೆ ಜಾಗ ಕೊಡುತ್ತದೆ. ಹಾಗಾಗಿ ವಾಂತಿ, ಉಬ್ಬಿದ ನೆತ್ತಿ, ಕೆಳಕ್ಕೆ ಜಾರಿದ ಕಣ್ಣುಗುಡ್ಡೆ ಕಾಣುವ ಹೊತ್ತಿಗೆ ಗಡ್ಡೆ ಸಾಕಷ್ಟು ಬೆಳೆದಿರುತ್ತದೆ. ಇನ್ನೂ ಎಷ್ಟು ಕಾಯುತ್ತೀರಿ?

ಆ ‘ಮೂರು ವರ್ಷ’ ಎಲ್ಲಿಂದ ಬಂತೆಂದು ನನಗೆ ಗೊತ್ತು. ಬೆಳೆಯುವ ಮೆದುಳಿಗೆ ವಿಕಿರಣ ಕೊಟ್ಟರೆ ಬುದ್ಧಿ, ಬೆಳವಣಿಗೆ ಕುಂಠಿತವಾಗುತ್ತವೆ. ಆದ್ದರಿಂದ ಸಾಮಾನ್ಯವಾಗಿ ಮೂರು ವರ್ಷದವರೆಗೆ ಅದನ್ನು ಮುಂದೂಡಿ ಕಿಮೊಥೆರಪಿ ಕೊಡುತ್ತೇವೆ. ವಿಕಿರಣದ ಲೆಕ್ಕವನ್ನು ಯಾರೋ ಆಪರೇಷನ್ನಿಗೆ ಹಚ್ಚಿದ್ದಾರೆ. ಮಿದುಳುದ್ರವ ಸ್ರವಿಸುವ ಕೋರಾಯ್ಡ್ ಪ್ಲೆಕ್ಸಸ್‌ನ ಪ್ಯಾಪಿಲೋಮಾ (ಕ್ಯಾನ್ಸರ್ ಅಲ್ಲದ ಗಡ್ಡೆ) ಆಗಿದ್ದರೆ, ಪೂರ್ತಿ ತೆಗೆದರೆ ಕಾಯಿಲೆ ಬಹುಪಾಲು ಅಲ್ಲಿಗೇ ಮುಗಿಯಿತು.

ಭಯಪಡಬೇಕಾದ್ದು ರಕ್ತಸ್ರಾವಕ್ಕೆ. ಏಳು ಕೆ.ಜಿ. ಕೂಸಿನ ಮೈಯಲ್ಲಿರುವ ರಕ್ತ ಸುಮಾರು 560 ಮಿ.ಲೀ. ನೂರು ಮಿ.ಲೀ. ಹೋದರೆ ಆರರಲ್ಲೊಂದು ಪಾಲು ಹೋದಂತೆ. ಒಮ್ಮೊಮ್ಮೆ ಅರ್ಧ ತೆಗೆದು ನಿಲ್ಲಿಸಿ, ಕಿಮೊ ಕೊಟ್ಟು, ಮತ್ತೆ ತೆರೆಯುವುದು ಇದೇ ಕಾರಣಕ್ಕೆ. ಆದ್ದರಿಂದ ಸರ್ಜನ್ ಹೆಸರು ಕೇಳುವ ಮೊದಲು ಮೂರು ಕೇಳಿ: ಎಳೆಗೂಸುಗಳಿಗೆ ಅರಿವಳಿಕೆ ಕೊಟ್ಟು ಪಳಗಿದವರು ಇದ್ದಾರೆಯೇ? ಮಕ್ಕಳ ಐಸಿಯು? ರಾತ್ರಿಯೂ ತೆರೆದಿರುವ ರಕ್ತನಿಧಿ? ಇಲ್ಲ ಎಂದರೆ ಬೆಂಗಳೂರಿಗೆ ಹೋಗಿ. ನಾನಾಗಿದ್ದರೆ ಹೋಗುತ್ತಿದ್ದೆ.

ಪ್ರಶ್ನೆ: ವಾಂತಿ ನಿಲ್ಲಲೆಂದು ಹೊಟ್ಟೆಗೆ ಬರೆ ಹಾಕಿಸಿದೆವು. ತೊಂದರೆ ಇಲ್ಲವೆ? (ಇಂಡಿ)

ಉತ್ತರ: ಇದೆ. ತಲೆಯಲ್ಲಿ ನೀರು ತುಂಬಿದ್ದರೆ ಅದನ್ನು ಹರಿಸುವ ಷಂಟ್ ಕೊಳವೆಯನ್ನು ಚರ್ಮದಡಿಯಲ್ಲಿ ಹೊಟ್ಟೆಗೇ ಇಳಿಸಬೇಕಾಗಬಹುದು. ಸುಟ್ಟ ಗಾಯ ಕೀವಾದರೆ ಅದು ಮಾಯುವವರೆಗೆ ನಾವು ಕೈಕಟ್ಟಿ ಕೂರಬೇಕು. ಬರೆ ಹಾಕಿದವನು ಆಗ ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತೆ?

ಉತ್ತರ: ಇಲ್ಲ.

ಪ್ರಶ್ನೆ: ನೆತ್ತಿಗೆ ಹರಳೆಣ್ಣೆ ಒತ್ತಿದರೆ ತಲೆ ಹಿಗ್ಗುವುದು ನಿಲ್ಲುತ್ತದೆಯೆ? (ಬಾಗಲಕೋಟೆ)

ಉತ್ತರ: ಎಣ್ಣೆ ಬಿಡಿ, ಟೇಪ್ ಹಿಡಿಯಿರಿ. ಮೂರು ತಿಂಗಳು ದಾಟಿದ ಕೂಸಿನ ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 1 ಸೆಂ.ಮೀ., ಆರು ದಾಟಿದರೆ ಅರ್ಧ ಸೆಂ.ಮೀ. ಬೆಳೆಯಬೇಕು. 2 ಸೆಂ.ಮೀ. ಬೆಳೆದಿದ್ದರೆ ಅದೇ ವಾರ ಮಕ್ಕಳ ವೈದ್ಯರಿಗೆ ತೋರಿಸಿ. ನೆತ್ತಿ ತೆರೆದಿರುವಾಗ ಅಲ್ಲಿಂದಲೇ ಅಲ್ಟ್ರಾಸೌಂಡ್ ಮಾಡಬಹುದು. ಮಂಪರು ಔಷಧವೂ ಬೇಡ.