ಮಂಗಳೂರು ಪಕ್ಕದಲ್ಲೇ ಇದ್ದರೂ ಮದ್ದಿಗೆ ಯಾಕೆ ಒದ್ದಾಟ?

ನೀನು ಬೆಂಗಳೂರಿನಲ್ಲಿ ಕೂತು ಕೇಳಿದ್ದು ಎರಡು ಪ್ರಶ್ನೆ. ಮಂಗಳೂರಿನಂಥ ಆಸ್ಪತ್ರೆಗಳ ಊರು ಪಕ್ಕದಲ್ಲೇ ಇರುವಾಗ ಕಾಸರಗೋಡಿನವರಿಗೆ ಮದ್ದು ಸಿಗುವುದಿಲ್ಲ ಅಂದರೆ ಏನರ್ಥ? ಅಷ್ಟು ಕಷ್ಟ ಇದ್ದರೆ ಈ ಕಡೆ ಬಂದು ಇರಬಾರದಾ? ಎರಡನೆಯದಕ್ಕೆ ಮೊದಲು ಹೇಳುತ್ತೇನೆ ಮಾರಾಯ, ಬರುವುದಿಲ್ಲ. 1956ರ ನವೆಂಬರ್ 1ರವರೆಗೆ ನಾವೂ ಮಂಗಳೂರಿನವರೂ ಒಂದೇ ಜಿಲ್ಲೆಯವರು, ಆಮೇಲೆ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ತೋಟ, ದೈವ, ಕನ್ನಡ ಶಾಲೆ ಎಲ್ಲ ಇಲ್ಲೇ ಉಂಟು. ಮನೆಯಲ್ಲಿ ಕನ್ನಡ, ಅಕ್ಕಪಕ್ಕದವರ ಹತ್ತಿರ ತುಳು, ಪೇಟೆಯಲ್ಲಿ ಮಲಯಾಳ ಮಾತಾಡುವುದು ನಮಗೊಂದು ಕಷ್ಟವೇ ಅಲ್ಲ.

ಕಷ್ಟ ಇರುವುದು ಮದ್ದಿನದು. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಊರುಗಳು ನಮ್ಮವು. ಸುಪ್ರೀಂ ಕೋರ್ಟು 2017ರಲ್ಲಿ ಅದರ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು 3 ತಿಂಗಳೊಳಗೆ ಕೊಡಿ ಅಂದಿತ್ತು, 2022ರಲ್ಲಿ ಅದನ್ನೇ ಮತ್ತೆ ಗದರಿಸಿ ಹೇಳಬೇಕಾಯಿತು. ಆ ಕಥೆ ಇನ್ನೊಮ್ಮೆ ಹೇಳುತ್ತೇನೆ. ನನ್ನ ಅಣ್ಣನ ಮಗಳಿಗೆ ಚಿಕ್ಕಂದಿನಿಂದ ಫಿಟ್ಸ್. ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆ ದಿನಾ ಬೇಕು. ಥಟ್ಟನೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಫಿಟ್ಸ್ ತಿರುಗಿ ಬರಬಹುದು, ಕೆಲವು ಸಲ ಬಿಡದೆ ಒಂದರ ಮೇಲೊಂದು ಬರುತ್ತದೆ.

ಈ ಮಾತ್ರೆ ಧರ್ಮಾಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗಬೇಕು. ಆಸ್ಪತ್ರೆಯವರು ಎಷ್ಟು ಮದ್ದು ಬೇಕು ಅಂತ ಮೊದಲೇ ಇಂಡೆಂಟ್ ಕಳಿಸುತ್ತಾರೆ, ಇಡೀ ರಾಜ್ಯಕ್ಕೆ ಒಟ್ಟಿಗೆ ಟೆಂಡರ್ ಆಗುತ್ತದೆ. ಕಂಪನಿಗೆ ಬಿಲ್ಲು ಬಾಕಿಯಾದರೆ ಮಾಲು ನಿಧಾನ. ಇದೆಲ್ಲ ತೀರ್ಮಾನ ಆಗುವ ತಿರುವನಂತಪುರ ಇಲ್ಲಿಂದ 500 ಕಿಲೋಮೀಟರಿಗಿಂತ ಜಾಸ್ತಿ ದೂರ. ಮದ್ದು ಕೊಡುವ ಕಿಟಕಿಯ ಒಳಗಿರುವ ಹುಡುಗಿಗೂ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲ, ಅವಳ ಮೇಲೆ ಕೂಗಾಡಿ ಏನು ಪ್ರಯೋಜನ? "ಸ್ಟಾಕ್ ಇಲ್ಲ, ಹೊರಗಿಂದ ತಗೊಳ್ಳಿ" ಅನ್ನುತ್ತಾಳೆ, ಅಷ್ಟೆ.

ಹೊರಗೆ ಹೋದರೆ ಅಲ್ಲೇ ಗಂಟು. ಇದೇ ಮದ್ದು ಹೊಟ್ಟೆಯಲ್ಲಿ ನಿಧಾನಕ್ಕೆ ಬಿಡುವ ಸಿಆರ್ ಮಾತ್ರೆಯಾಗಿಯೂ ಬರುತ್ತದೆ, ಮಾಮೂಲಿ ಮಾತ್ರೆಯಾಗಿಯೂ ಬರುತ್ತದೆ. 200, 300, 500 ಮಿಲಿಗ್ರಾಂ ಅಂತ ಬೇರೆ ಬೇರೆ. ಒಂದರ ಬದಲು ಇನ್ನೊಂದನ್ನು ಸುಮ್ನೆ ನುಂಗಿಸುವ ಹಾಗಿಲ್ಲ, ಡಾಕ್ಟರೇ ಲೆಕ್ಕ ಹಾಕಿ ಬರೆಯಬೇಕು. ಆ ಡಾಕ್ಟರು ಇರುವುದು ಮಂಗಳೂರಿನಲ್ಲಿ. ಮೆಡಿಕಲ್‌ನವನು ಕೈಯಲ್ಲಿದ್ದಷ್ಟು ದುಡ್ಡಿಗೆ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತಾನೆ. ಹೆಸರೂ ಎಕ್ಸ್‌ಪೈರಿ ತಾರೀಕೂ ಅಂಗಡಿಯಲ್ಲೇ ಉಳಿದ ತುಂಡಿಗೆ ಹೋಗುತ್ತವೆ, ನಮ್ಮ ತುಂಡಿನಲ್ಲಿ ಅರ್ಧ ಹೆಸರು, ಒಂದು ಸಿಆರ್. ಅದನ್ನು ಹಿಡಿದು ಮುಂದಿನ ಪೇಟೆಯಲ್ಲಿ ಕೇಳಿದರೆ "ಇದು ಯಾವುದು?" ಅಂತ ನಮ್ಮನ್ನೇ ಕೇಳುತ್ತಾರೆ. ಅತ್ತಿಗೆ ಈಗ ಒಂದು ಮಾತ್ರೆ ಕೊಳ್ಳುವಾಗಲೂ ಇಡೀ ಸ್ಟ್ರಿಪ್ಪಿನ ಫೋಟೋ ತೆಗೆದಿಟ್ಟುಕೊಳ್ಳುತ್ತಾಳೆ. ಸಾಲ ಮಾಡಿ ತಿಂಗಳ ಮದ್ದು ತರುವ ಮನೆಗಳೂ ಇಲ್ಲಿ ಇವೆ.

ಮಂಗಳೂರಿಗೇ ಹೋಗಿ ಅನ್ನುತ್ತೀಯ ಅಲ್ವಾ? ಹೋಗುತ್ತೇವೆ. ಆದರೆ ಕರ್ನಾಟಕದ ಆರೋಗ್ಯ ಯೋಜನೆಗೆ ಕರ್ನಾಟಕದ ರೇಷನ್ ಕಾರ್ಡು ಬೇಕು, ನಮ್ಮದು ಕೇರಳದ್ದು. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಕರ್ನಾಟಕದವರು ಗಡಿಯ ದಾರಿಗಳಿಗೆ ಮಣ್ಣು ಸುರಿದಾಗ ಆ ಬಾಗಿಲೂ ಮುಚ್ಚಿತು. ಗಡಿಯ ತಲಪಾಡಿ ದಾಟಲಾಗದೆ ರೋಗಿಗಳು ಸತ್ತರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮ ಜಿಲ್ಲೆಯಲ್ಲೇ ಇರುವ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಅದರ ಕಟ್ಟಡದಲ್ಲಿ ಹಾಸಿಗೆ ಹಾಕಿದ್ದು ಆ ಕೋವಿಡ್ ಸಮಯದಲ್ಲಿ.

ಹಾಗಾಗಿ ನಮಗೆ ಊರು ಬಿಡುವ ಸಲಹೆ ಬೇಡ. ಫಿಟ್ಸಿನ ಮದ್ದನ್ನು ಮೂರು ತಿಂಗಳಿಗೆ ಒಟ್ಟಿಗೆ ಕೊಡಲಿ. ಮುಗಿಯುವ ಮೊದಲೇ ಫೋನ್ ಮಾಡಿ ತಿಳಿಸಲಿ. ಯಾವ ಮಾತ್ರೆ ಉಂಟು, ಯಾವುದು ಇಲ್ಲ ಅಂತ ಕಿಟಕಿಯ ಹತ್ತಿರ ಕನ್ನಡದಲ್ಲೂ ಬರೆದು ಹಾಕಲಿ. ನಿನಗೆ ಪತ್ರಿಕೆಯವರ ಪರಿಚಯ ಉಂಟಲ್ಲ, ಇದನ್ನು ಅವರಿಗೂ ಹೇಳು.