ಮೆಥೊಟ್ರೆಕ್ಸೇಟ್ ಶುರುಮಾಡಿ ಮೂರು ವಾರವಾದರೂ ಕೀಲುನೋವು ಇಳಿದಿಲ್ಲ, ಬಿಟ್ಟುಬಿಡಲೇ?

ನೀವಾಗೇ ಬಿಡಬೇಡಿ. ಇದು ನೋವಿನ ಮಾತ್ರೆಯಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಅದನ್ನು ತಣ್ಣಗಾಗಿಸುವ ಔಷಧವಿದು. ಗುಣ ಕಾಣಲು 6ರಿಂದ 12 ವಾರ ಹಿಡಿಯುತ್ತದೆ. ಬೆಳಿಗ್ಗೆ ಚೊಂಬು ಹಿಡಿಯಲಾಗದ ನಮ್ಮಮ್ಮ ಒಂಬತ್ತನೇ ವಾರ ತಾವೇ ಚಪಾತಿ ಹಿಟ್ಟು ನಾದಿದರು.

ಇದನ್ನು ನುಂಗುವುದು ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಾನಂತೂ ಕ್ಯಾಲೆಂಡರಿನ ಭಾನುವಾರಗಳಿಗೆಲ್ಲ ಕೆಂಪು ಸುತ್ತು ಹಾಕಿಟ್ಟಿದ್ದೆ. ಇದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ. ಲಿವರ್, ರಕ್ತಕಣಗಳ ಪರೀಕ್ಷೆ ತಪ್ಪಿಸಬೇಡಿ. ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ ಬಂದರೆ ತಕ್ಷಣ ವೈದ್ಯರಿಗೆ ತಿಳಿಸಿ. ಮಗುವಿನ ಯೋಚನೆಯಿದ್ದರೂ ಮೊದಲೇ ಹೇಳಿ.

ಮೂರು ತಿಂಗಳಾದರೂ ಸುಧಾರಿಸದಿದ್ದರೆ ಡೋಸ್ ಏರಿಸಬಹುದು, ಇನ್ನೊಂದು ಔಷಧ ಜೊತೆಗೂಡಿಸಬಹುದು. ಅದು ರುಮಟಾಲಜಿಸ್ಟ್ (ಸಂಧಿವಾತ ತಜ್ಞರ) ತೀರ್ಮಾನ.