ಮ್ಯೂಸಿಕ್ ರೇಡಿಯೋ ಸ್ಟೇಷನ್‌ಗಳು ಇದ್ದಕ್ಕಿದ್ದಂತೆ ಹಾಡಿನ ಶೈಲಿಯನ್ನೇ ಬದಲಾಯಿಸುವುದು ಯಾಕೆ?
ಖಾಸಗಿ ಸ್ಟೇಷನ್ ನಡೆಯುವುದು ಜಾಹೀರಾತಿನ ದುಡ್ಡಿನಿಂದ, ಅಲ್ವಾ? ಜಾಹೀರಾತು ಕೊಡುವವರು ಎಷ್ಟು ಜನ ಕೇಳುತ್ತಾರೆ ಎನ್ನುವುದರ ಜೊತೆಗೆ ಯಾವ ವಯಸ್ಸಿನವರು ಎಂದೂ ನೋಡುತ್ತಾರೆ. ಕೇಳುಗರಿಗೆ ವಯಸ್ಸಾದಂತೆ ಆ ದುಡ್ಡು ಕರಗುತ್ತದೆ. ಅದಕ್ಕೇ 'ಹಳೆಯ ಹಾಡು' ಅನ್ನುವ ಸ್ಟೇಷನ್ ಕೂಡ ಮೆಲ್ಲಗೆ ಮುಂದಕ್ಕೆ ಜಾರುತ್ತದೆ: 60ರ ದಶಕದ ಹಾಡು ಹೋಗಿ 80ರದ್ದು ಬರುತ್ತದೆ.

ತಂತ್ರಜ್ಞಾನವೂ ಕಾರಣ. ಅಮೆರಿಕದಲ್ಲಿ 1961ರಲ್ಲಿ ಎಫ್‌ಎಂ ಸ್ಟೀರಿಯೋ, ಅಂದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ದನಿ ಕೊಡುವ ಪ್ರಸಾರ, ಬಂತು. ಹಾಡು ಅದರಲ್ಲೇ ಚೆನ್ನಾಗಿ ಕೇಳುತ್ತಿತ್ತು. ಎಎಂ ಎನ್ನುವ ಹಳೆಯ ಬಗೆಯ ಪ್ರಸಾರದ ಸ್ಟೇಷನ್‌ಗಳು ನಿಧಾನವಾಗಿ ಮಾತು, ಸುದ್ದಿಯ ಕಡೆ ಹೊರಳಿದವು.

ಬದಲಾಗುವ ಮುನ್ನ ಕೆಲವು ಸ್ಟೇಷನ್‌ಗಳು ಒಂದೇ ಹಾಡನ್ನು ದಿನವಿಡೀ ಹಾಕುತ್ತವೆ, ಜನ ಮಾತಾಡಿಕೊಳ್ಳಲಿ ಅಂತ. ಹಳೆ ಕೇಳುಗರಿಗೆ ನಿಜಕ್ಕೂ ಬೇಜಾರು. ಬೆಳಿಗ್ಗೆ ರೇಡಿಯೋ ಹಾಕಿದರೆ ಅದೇ ನಂಬರಿನಲ್ಲಿ ಬೇರೆ ಯಾರದೋ ದನಿ.